ಎರಡು ಹಾಡುಗಳ ಬೀಗತನ

ಮದುವೆಯ ಹಂಗಾಮು ಬಂದಿತೆಂದರೆ ಮೂಡಲಗಿಯ ಸೀಮೆಯಲ್ಲಿ ಸಂಜೆಗಳು ದೀರ್ಘವಾಗುತ್ತವೆ. ಕಬ್ಬಿನ ಹೊಲಗಳ ನಡುವಿನ ಹಾದಿಯಿಂದ ಮದುಮಗನ ಮೆರವಣಿಗೆ ಊರೊಳಕ್ಕೆ ಬರುತ್ತದೆ. ಒಂದು ಕಾಲಕ್ಕೆ ಆ ಮೆರವಣಿಗೆಯ ಮುಂದೆ ಹಲಗಿ, ಸಂಬಾಳ, ಕರಡಿಮಜಲುಗಳು ನಡೆಯುತ್ತಿದ್ದವು. ಅವು ಇಂದಿಗೂ ಪೂರ್ತಿ ಮರೆಯಾಗಿಲ್ಲ. ಆದರೆ ಈಗ ಅವುಗಳ ಸ್ಥಾನದಲ್ಲಿ ಹೆಚ್ಚಾಗಿ ಕಾಣುವುದು ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಗೋಡೆಯಂತೆ ನಿಲ್ಲಿಸಿದ ಧ್ವನಿವರ್ಧಕಗಳು. ಅವುಗಳ ಹಿಂದೆ, ಗುಡುಗುಟ್ಟುವ ಜನರೇಟರಿನ ಪಕ್ಕದಲ್ಲಿ, ಒಂದು ಕಿವಿಗೆ ಮಾತ್ರ ಹೆಡ್‌ಫೋನ್ ಒತ್ತಿಕೊಂಡು, ಲ್ಯಾಪ್‌ಟಾಪಿನ ಮೇಲೆ ಬಾಗಿ ನಿಂತ ತರುಣನೇ ಡಿ.ಜೆ.

ಅವನನ್ನು ಕುರಿತು ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಕುಣಿಯುವ ಹುಡುಗರಿಗೆ ಅವನು ರಾಜ. ಮಲಗಬೇಕೆನ್ನುವ ಹಿರಿಯರಿಗೆ ಅವನು ಉಪದ್ರವ. ಅವನ ಕೈಯಲ್ಲಿ ಒಂದು ವಿದ್ಯೆಯೂ ಇರಬಹುದೆಂದು ಎರಡು ಪಕ್ಷದವರೂ ಎಣಿಸುವುದಿಲ್ಲ. ‘ಯಾರೋ ಹಾಡಿದ್ದನ್ನು ಇವನು ಹಚ್ಚುತ್ತಾನೆ, ಅಷ್ಟೇ’ ಎಂಬುದು ಸಾಮಾನ್ಯವಾದ ಮಾತು. ಮಾತು ಸುಳ್ಳಲ್ಲ. ಆದರೆ ಒಂದು ಹಾಡು ಮುಗಿದು ಮತ್ತೊಂದು ಹಾಡು ಆರಂಭವಾಗುವ ಆ ಅರ್ಧ ನಿಮಿಷದಲ್ಲಿ ಏನು ನಡೆಯುತ್ತದೆಂಬುದನ್ನು ಬಲ್ಲವರು ಅಷ್ಟು ಸುಲಭವಾಗಿ ಹಾಗೆನ್ನಲಾರರು.

ಇಂಥದೊಂದು ಸಂಜೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಮೆರವಣಿಗೆ ಗುಡಿಯ ಮುಂದೆ ನಿಂತಿದೆ. ಕಟ್ಟೆಯ ಮೇಲೆ ಮುದುಕರೊಬ್ಬರು ಕುಳಿತಿದ್ದಾರೆ. ಅವರು ಒಂದಾನೊಂದು ಕಾಲಕ್ಕೆ ಪಾರಿಜಾತದ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದವರು. ಹಾರ್ಮೋನಿಯಮ್ಮಿಗೆ ಆ ಕಡೆ ಪೇಟಿಯೆಂದೇ ಹೆಸರು. ಅದನ್ನು ಬಾರಿಸುವವರು ಪೇಟಿ ಮಾಸ್ತರರು. ಒಂದು ಹಾಡು ಇಳಿದು ಮತ್ತೊಂದು ಏರುತ್ತಿದ್ದಂತೆ ಮಾಸ್ತರರ ಮುಖ ಹುಳಿ ತಿಂದವರಂತಾಯಿತು. ಗದ್ದಲವಡಗಿದ ಮೇಲೆ ತರುಣನನ್ನು ಹತ್ತಿರ ಕರೆದರು.

“ತಮ್ಮಾ, ಮೊದಲಿನ ಹಾಡು ಕರಿ ಒಂದು. ಎರಡನೇದು ಬಿಳಿ ಎರಡು. ಎರಡೂ ಹೆಂಗ ಕೂಡ್ತಾವೋ?”

“ಇಲ್ರಿ ಮಾಸ್ತರ, ಎರಡೂ ಕರಿ ಒಂದ ಅದಾವ್ರಿ. ಲ್ಯಾಪ್‌ಟಾಪಿನ್ಯಾಗ ಹಂಗ ಬರದೈತ್ರಿ.”

“ನೀ ಏನರ ತಿರುವಿದೆನು?”

“ಸ್ಪೀಡ್ ಅಷ್ಟ ಏರಿಸೀನ್ರಿ. ನೂರಕ್ಕ ಆರು, ಭಾಳ ಇಲ್ರಿ.”

“ಅದ ನೋಡು. ಆ ಆರರಾಗ ಒಂದು ಮನಿ ಸರದೈತಿ.”

ಮಾಸ್ತರರು ಲ್ಯಾಪ್‌ಟಾಪನ್ನು ಕಂಡವರಲ್ಲ. ಆದರೆ ಅವರ ಲೆಕ್ಕ ಸರಿಯಾಗಿತ್ತು. ಅದು ಹೇಗೆಂಬುದರಲ್ಲಿಯೇ ಈ ವಿದ್ಯೆಯ ಮೊದಲ ಪಾಠವಿದೆ.

ಹಳೆಯ ಗ್ರಾಮಫೋನನ್ನು ಕಂಡವರಿಗೆ ಈ ಸಂಗತಿ ಅಪರಿಚಿತವಲ್ಲ. ಕೀಲಿ ಕೊಟ್ಟ ತಂತಿಸುರುಳಿ ಸಡಿಲವಾಗುತ್ತ ಬಂದಂತೆ ತಟ್ಟೆಯ ವೇಗ ತಗ್ಗುತ್ತಿತ್ತು. ಅದರೊಡನೆ ಗಾಯಕಿಯ ಕಂಠವೂ ಕೆಳಗಿಳಿದು ಗಂಡುಧ್ವನಿಯಾಗುತ್ತಿತ್ತು. ಮನೆಯ ಮಕ್ಕಳು ನಗುತ್ತಿದ್ದರು. ಎಡಿಸನ್ನನು 1877ರಲ್ಲಿ ಧ್ವನಿಮುದ್ರಣ ಯಂತ್ರವನ್ನು ರಚಿಸಿದ ದಿನದಿಂದಲೂ, ಗೌಹರ್ ಜಾನಳು 1902ರಲ್ಲಿ ಕಲಕತ್ತೆಯಲ್ಲಿ ಕಹಳೆಯ ಮುಂದೆ ನಿಂತು ಹಾಡಿದ ದಿನದಿಂದಲೂ, ವೇಗ ಮತ್ತು ಶ್ರುತಿಗಳು ಹೀಗೆ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಮುಂದೆ ಹೆಜ್ಜೆಯಿಟ್ಟರೆ ಇನ್ನೊಂದು ಇಡದೆ ಇರಲಾರದು.

ಲೆಕ್ಕ ಸರಳವಾಗಿದೆ. ಪೇಟಿಯಲ್ಲಿ ಒಂದು ಷಡ್ಜದಿಂದ ಮೇಲಿನ ಷಡ್ಜದವರೆಗೆ 12 ಮನೆಗಳು. ಮೇಲಿನ ಷಡ್ಜದ ಕಂಪನಸಂಖ್ಯೆ ಕೆಳಗಿನದರ ಇಮ್ಮಡಿ. ಈ ಇಮ್ಮಡಿಯನ್ನು 12 ಸಮಾನ ಮೆಟ್ಟಿಲುಗಳಾಗಿ ಒಡೆದರೆ ಪ್ರತಿಯೊಂದು ಮೆಟ್ಟಿಲೂ ಹಿಂದಿನದಕ್ಕಿಂತ ಶೇಕಡಾ 6ರಷ್ಟು ಎತ್ತರವಾಗುತ್ತದೆ. ಮೊದಲಿನ ಹಾಡು ನಿಮಿಷಕ್ಕೆ 106 ಪೆಟ್ಟುಗಳ ಲಯದಲ್ಲಿ ಓಡುತ್ತಿತ್ತು. ಎರಡನೆಯದು 100 ಪೆಟ್ಟುಗಳದು. ಅದನ್ನು ಇದಕ್ಕೆ ಸರಿಗಟ್ಟಿಸಲೆಂದು ತರುಣನು ಶೇಕಡಾ 6ರಷ್ಟು ಏರಿಸಿದ. ಲಯ ಕೂಡಿತು, ಆದರೆ ಕರಿ ಒಂದರಲ್ಲಿದ್ದ ಷಡ್ಜವು ಸದ್ದಿಲ್ಲದೆ ಬಿಳಿ ಎರಡಕ್ಕೆ ಹೋಗಿ ಕುಳಿತಿತು. ಇಂದಿನ ಯಂತ್ರಗಳಲ್ಲಿ ವೇಗವನ್ನು ಬದಲಿಸಿದರೂ ಶ್ರುತಿಯನ್ನು ನಿಂತಲ್ಲಿಯೇ ನಿಲ್ಲಿಸುವ ಗುಂಡಿಯೊಂದಿದೆ. ಆ ದಿನ ತರುಣನು ಅದನ್ನು ಒತ್ತಲು ಮರೆತಿದ್ದ. ಹಾಗೆಂದು ಆ ಗುಂಡಿ ಸರ್ವರೋಗಕ್ಕೂ ಮದ್ದಲ್ಲ. ವೇಗವನ್ನು ಅತಿಯಾಗಿ ಎಳೆದರೆ ಹಲಗಿಯ ಪೆಟ್ಟಿನ ಮೊನೆ ಮೊಂಡಾಗುತ್ತದೆ. ಹಾಡುವವನ ದನಿ ನೀರಿನಲ್ಲಿಯ ನೆರಳಿನಂತೆ ನಡುಗುತ್ತದೆ.

ಇನ್ನು ಎರಡನೆಯ ಪಾಠ. ಕರಿ ಒಂದು ಮತ್ತು ಬಿಳಿ ಎರಡು ಪೇಟಿಯಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಮನೆಗಳು. ಹತ್ತಿರದವರು ಕೂಡಬೇಕಲ್ಲವೇ? ಮಾಸ್ತರರ ಮುಖ ಹುಳಿಯಾದದ್ದೇಕೆ?

ಸಂಗೀತದಲ್ಲಿ ನೆರೆಹೊರೆಯ ನ್ಯಾಯವೇ ಬೇರೆ. ಕರಿ ಒಂದನ್ನು ಷಡ್ಜ ಮಾಡಿಕೊಂಡು ಬಿಲಾವಲದ ಏಳು ಶುದ್ಧ ಸ್ವರಗಳನ್ನು ಒತ್ತಿ ನೋಡಬೇಕು. ಅನಂತರ ಬಿಳಿ ಎರಡನ್ನು ಷಡ್ಜ ಮಾಡಿಕೊಂಡು ಮತ್ತೆ ಅದೇ ಏಳನ್ನು ಒತ್ತಬೇಕು. ಏಳರಲ್ಲಿ ಎರಡೇ ಎರಡು ಮನೆಗಳು ಎರಡಕ್ಕೂ ಸಮಾನವಾಗಿರುತ್ತವೆ. ಉಳಿದ ಐದೂ ಒಂದರ ಕಾಲನ್ನೊಂದು ತುಳಿಯುತ್ತವೆ. ಅದೇ ಕರಿ ಒಂದರಿಂದ ಪಂಚಮದಷ್ಟು ದೂರ, ಅಂದರೆ ಏಳು ಮೆಟ್ಟಿಲು ಆಚೆ ಇರುವ ಕರಿ ನಾಲ್ಕನ್ನು ಷಡ್ಜ ಮಾಡಿಕೊಂಡರೆ ಆರು ಮನೆಗಳು ಸಮಾನ; ಒಂದೇ ಒಂದು ಮಾತ್ರ ಬೇರೆ. ಮಧ್ಯಮದ ಕಡೆಗೆ ಹೋಗಿ ಕರಿ ಮೂರನ್ನು ಹಿಡಿದರೂ ಅದೇ ಫಲ. ಹೀಗೆ ಪಕ್ಕದ ಮನೆಯವರು ದಾಯಾದಿಗಳು. ದೂರದ ಊರಿನವರು ಬೀಗರು. ಹಾಡಿಗೆ ಹಾಡನ್ನು ಕೊಟ್ಟು ತರುವಾಗ ಬೀಗತನ ನಡೆಯುವುದು ಷಡ್ಜ, ಮಧ್ಯಮ, ಪಂಚಮಗಳ ಮನೆತನಗಳ ನಡುವೆಯೇ.

ಪಾಶ್ಚಾತ್ಯ ಡಿ.ಜೆ.ಗಳು ಈ ಬೀಗತನಕ್ಕೊಂದು ಪಂಚಾಂಗವನ್ನೇ ಮಾಡಿಕೊಂಡಿದ್ದಾರೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ನೃತ್ಯಶಾಲೆಗಳಲ್ಲಿ ಫ್ರಾನ್ಸಿಸ್ ಗ್ರಾಸೋ ಎಂಬವನು ಎರಡು ತಟ್ಟೆಗಳ ಪೆಟ್ಟಿಗೆ ಪೆಟ್ಟು ಹೊಂದಿಸಿ, ಕುಣಿತ ನಿಲ್ಲದಂತೆ ಹಾಡಿನಿಂದ ಹಾಡಿಗೆ ದಾಟಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದನು. 1972ರಲ್ಲಿ ಜಪಾನಿನ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ತಿರುಗುತಟ್ಟೆ ಬಂದಿತು. ಅದರ ಮುಂದಿನ ಮಾದರಿಯೊಂದರಲ್ಲಿ ವೇಗವನ್ನು ಶೇಕಡಾ 8ರವರೆಗೆ ಏರಿಸಿ ಇಳಿಸುವ ಜಾರುಪಟ್ಟಿಯಿತ್ತು. ಲಯ ಕೂಡಿಸುವುದು ಇದರಿಂದ ಸುಲಭವಾಯಿತು. ಆದರೆ ಶ್ರುತಿ ಕೂಡದ ದೋಷ ಹಾಗೆಯೇ ಉಳಿಯಿತು. ಆಗ ಮಾರ್ಕ್ ಡೇವಿಸ್ ಎಂಬವನು ಗಡಿಯಾರದ ಮುಖದಂತಹ ಒಂದು ಚಕ್ರವನ್ನು ರಚಿಸಿದನು. ಅದಕ್ಕೆ ಕ್ಯಾಮೆಲಾಟ್ ಚಕ್ರವೆಂದು ಹೆಸರು. ಅದರಲ್ಲಿ 12 ಅಂಕೆಗಳು, ಎರಡು ಸುತ್ತುಗಳು. ಹೊರಸುತ್ತಿನಲ್ಲಿ ಮೇಜರ್ ಎನ್ನುವ ಸ್ವರಶ್ರೇಣಿಗಳು, ಒಳಸುತ್ತಿನಲ್ಲಿ ಮೈನರ್ ಎನ್ನುವವು. ಪಕ್ಕಪಕ್ಕದ ಅಂಕೆಗಳ ನಡುವಿನ ಅಂತರ ಒಂದು ಪಂಚಮ. ನಿಯಮ ಇಷ್ಟೇ: ಅದೇ ಅಂಕೆಗೆ ಹೋಗು, ಇಲ್ಲವೇ ಒಂದು ಅಂಕೆ ಮುಂದಕ್ಕೆ ಅಥವಾ ಹಿಂದಕ್ಕೆ ಹೋಗು, ಅಥವಾ ಅದೇ ಅಂಕೆಯಲ್ಲಿ ಒಳಸುತ್ತಿನಿಂದ ಹೊರಸುತ್ತಿಗೆ ದಾಟು. 2006ರಲ್ಲಿ ಬಂದ ಮಿಕ್ಸ್‌ಡ್ ಇನ್ ಕೀ ಎಂಬ ತಂತ್ರಾಂಶವು ಹಾಡನ್ನು ತಾನೇ ಕೇಳಿ ಅದರ ಅಂಕೆಯನ್ನು ಬರೆದಿಡತೊಡಗಿತು. ಆ ಮೇಲೆ ಸ್ವರಜ್ಞಾನವಿಲ್ಲದವನಿಗೂ ದಾರಿ ತೆರೆದಂತಾಯಿತು.

ಇದನ್ನೆಲ್ಲ ಅಮೆರಿಕದ ಆವಿಷ್ಕಾರವೆಂದು ತಿಳಿದು ಮೂಡಲಗಿಯ ತರುಣನು ಬೆರಗಾಗುವುದು ಸಹಜ. ಆದರೆ ಅವನು ನಿಂತ ನೆಲವನ್ನೊಮ್ಮೆ ನೋಡಿಕೊಳ್ಳಬೇಕು. ಅವನ ಊರಿಗೆ ಸಮೀಪದ ಕುಲಗೋಡವೇ ಕುಲಗೋಡ ತಮ್ಮಣ್ಣನ ಊರು. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ಒಗ್ಗಿಸಿ ಊರೂರಿಗೆ ಹಬ್ಬಿಸಿದವನು ಅವನು. ಆ ಸೀಮೆಯದೇ ಆದ ಕೌಜಲಗಿಯ ನಿಂಗಮ್ಮನು ಅದೇ ಪಾರಿಜಾತದಿಂದ ಹೆಸರಾದವಳು. ನಾರದನು ತಂದ ಒಂದು ಹೂವಿನಿಂದ ರುಕ್ಮಿಣಿ ಸತ್ಯಭಾಮೆಯರ ನಡುವೆ ಹತ್ತಿದ ಕಿಚ್ಚನ್ನು ಬೆಳಗಾಗುವವರೆಗೆ ಹಾಡಿ ತೋರಿಸುವ ಆಟವದು. ಅಲ್ಲಿ ಭಾಮೆಯ ಕೋಪದ ಹಾಡು ಮುಗಿಯುತ್ತದೆ. ಕೃಷ್ಣನ ಸಾಂತ್ವನದ ಹಾಡು ತೊಡಗುತ್ತದೆ. ರಾಗ ಬದಲಾಗಬೇಕು, ಲಯ ಬದಲಾಗಬೇಕು, ಕೇಳುವವನ ನಿದ್ದೆ ಕೆಡಬೇಕು, ಆದರೆ ರಸ ಕೆಡಬಾರದು. ಆ ದಾಟಿನಲ್ಲಿ ಷಡ್ಜವನ್ನು ಬಿಡದೆ ಹಿಡಿದು ನಿಂತವನು ಪೇಟಿ ಮಾಸ್ತರ; ಲಯವನ್ನು ಒಯ್ದು ಸಮಕ್ಕೆ ಮುಟ್ಟಿಸಿದವನು ತಬಲಜಿ. ಅಂದಿನ ಡಿ.ಜೆ.ಗಳು ಅವರಿಬ್ಬರೇ ಅಲ್ಲವೇ?

ಶಾಸ್ತ್ರಜ್ಞರು ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಭೂಪ ರಾಗದ ಐದು ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಅದರ ರಿಷಭವನ್ನು ಷಡ್ಜವೆಂದು ಭಾವಿಸಿದರೆ ಮಧ್ಯಮಾದ ಸಾರಂಗದ ಸ್ವರಗಳು ಹುಟ್ಟುತ್ತವೆ. ಗಾಂಧಾರವನ್ನು ಷಡ್ಜ ಮಾಡಿದರೆ ಮಾಲಕಂಸ. ಪಂಚಮವನ್ನು ಮಾಡಿದರೆ ದುರ್ಗಾ. ಧೈವತವನ್ನು ಮಾಡಿದರೆ ಧಾನಿ. ಇದು ಮೂರ್ಛನೆ, ಕರ್ನಾಟಕ ಪದ್ಧತಿಯವರು ಗ್ರಹಭೇದವೆನ್ನುತ್ತಾರೆ. ಹೊರಸುತ್ತಿನಿಂದ ಒಳಸುತ್ತಿಗೆ ದಾಟುವ ಆ ಚಕ್ರದ ನಿಯಮವೂ ಇದರ ಒಂದು ಚಿಕ್ಕ ತುಣುಕೇ. ಪಂಡಿತ ಜಸರಾಜರು ಇದೇ ತತ್ತ್ವವನ್ನು ಹಿಡಿದು ಜಸರಂಗಿ ಎಂಬ ಜುಗಲಬಂದಿಯನ್ನು ರೂಪಿಸಿದರು. ಗಾಯಕನ ಮಧ್ಯಮವೇ ಅಲ್ಲಿ ಗಾಯಕಿಗೆ ಷಡ್ಜ. ಇಬ್ಬರೂ ತಮ್ಮ ತಮ್ಮ ಶ್ರುತಿಯಲ್ಲಿ ಬೇರೆ ಬೇರೆ ರಾಗಗಳನ್ನು ಏಕಕಾಲಕ್ಕೆ ಹಾಡಿದರೂ ಸ್ವರಗಳು ಜಗಳಾಡುವುದಿಲ್ಲ. ಎರಡು ಹಾಡುಗಳನ್ನು ಒಂದರ ಮೇಲೊಂದು ಹರಿಸುವ ವಿದ್ಯೆಗೆ ಇದಕ್ಕಿಂತ ಉನ್ನತವಾದ ಉದಾಹರಣೆ ದೊರೆಯುವುದು ಕಷ್ಟ.

ಹಾಗಾದರೆ ಅಂಕೆಗಳನ್ನು ನೋಡಿ ಹಾಡು ಜೋಡಿಸಿದರೆ ಸಾಲದೇ? ಸಾಲದು. ಏಕೆಂದರೆ ಆ ಚಕ್ರವು ಎರಡೇ ಬಗೆಯ ಸ್ವರಶ್ರೇಣಿಗಳನ್ನು ಬಲ್ಲದು. ಭೈರವದಲ್ಲಿ ಕೋಮಲ ರಿಷಭ, ಕೋಮಲ ಧೈವತಗಳೊಡನೆ ಶುದ್ಧ ಗಾಂಧಾರ, ಶುದ್ಧ ನಿಷಾದಗಳಿವೆ. ಅದು ಮೇಜರೂ ಅಲ್ಲ, ಮೈನರೂ ಅಲ್ಲ. ಯಂತ್ರವು ಹೇಗೋ ಒಂದು ಅಂಕೆಯನ್ನು ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಭೈರವಿಯ ಪ್ರಕರಣ ಇನ್ನೂ ಸೂಕ್ಷ್ಮವಾದುದು. ಕರಿ ಒಂದರಲ್ಲಿ ಹಾಡಿದ ಭೈರವಿಯ ಏಳು ಮನೆಗಳೂ ಬಿಳಿ ಆರರ ಮೇಜರಿನ ಏಳು ಮನೆಗಳೂ ಒಂದೇ. ಮನೆಗಳನ್ನು ಎಣಿಸುವ ಯಂತ್ರವು ‘ಇದು ಬಿಳಿ ಆರು’ ಎಂದು ತೀರ್ಪು ಕೊಡಬಹುದು. ಆದರೆ ಹಾಡುವವನು ಹೋಗಿ ವಿಶ್ರಮಿಸುವುದು ಕರಿ ಒಂದರಲ್ಲಿ. ಮನೆಗಳನ್ನೆಲ್ಲ ಎಣಿಸಿ, ಯಜಮಾನನು ಯಾವ ಮನೆಯಲ್ಲಿ ಮಲಗುತ್ತಾನೆಂಬುದನ್ನೇ ತಪ್ಪಾಗಿ ಬರೆದುಕೊಂಡ ಜನಗಣತಿಯಂತಾಯಿತು ಇದು. ಇದಲ್ಲದೆ ಹಳೆಯ ಧ್ವನಿಮುದ್ರಿಕೆಗಳಲ್ಲಿ ಷಡ್ಜವು ಎಷ್ಟೋ ಸಲ ಎರಡು ಮನೆಗಳ ನಡುವಿನ ಸಂದಿಯಲ್ಲಿರುತ್ತದೆ. ಅದಕ್ಕೆ ಅಂಕೆಯೇ ಇಲ್ಲ.

ಲಯದ ವಿಷಯವೂ ಹೀಗೆಯೇ. ಇಂದಿನ ಮುದ್ರಣಶಾಲೆಗಳಲ್ಲಿ ತಯಾರಾಗುವ ಹಾಡುಗಳು ಗಡಿಯಾರದ ಟಿಕ್‌ಟಿಕ್ಕಿಗೆ ಹೊಂದಿಕೊಂಡು ಓಡುತ್ತವೆ. ಮೊದಲಲ್ಲಿ 100 ಪೆಟ್ಟುಗಳಿದ್ದರೆ ಕೊನೆಯಲ್ಲಿಯೂ 100. ಆದರೆ ಹಲಗಿಯವರು ಕೂಡಿ ಬಾರಿಸಿದ್ದನ್ನು ಧ್ವನಿಮುದ್ರಿಸಿದರೆ ಕಾವೇರಿದಂತೆ ಲಯವೂ ಏರುತ್ತದೆ. ಅದು ದೋಷವಲ್ಲ, ಜೀವ. ಯಂತ್ರವು ಆರಂಭದಲ್ಲಿ ಎಣಿಸಿಟ್ಟ ಅಂಕೆಯನ್ನು ನಂಬಿದವನು ನಡುದಾರಿಯಲ್ಲಿ ಎಡವುತ್ತಾನೆ. ಮತ್ತೊಂದು ಗುಂಡಿಯೂ ಇದೆ. ಎರಡು ಹಾಡುಗಳಿಗೂ ನಿಮಿಷಕ್ಕೆ ಅಷ್ಟೇ ಪೆಟ್ಟುಗಳಿರಬಹುದು. ಆದರೆ ಒಂದು ಕೆಹರವಾದ 8 ಮಾತ್ರೆಯದು, ಇನ್ನೊಂದು ದಾದರಾದ 6 ಮಾತ್ರೆಯದು. ಎರಡನ್ನೂ ಒಂದೇ ಸಮದಿಂದ ಹೊರಡಿಸಿದರೆ ಅವು ಮತ್ತೆ ಸಮದಲ್ಲಿ ಭೇಟಿಯಾಗುವುದು 24 ಮಾತ್ರೆಗಳ ಅನಂತರವೇ. ಅಷ್ಟರಲ್ಲಿ ಕುಣಿಯುವವರ ಕಾಲುಗಳು ಎರಡು ಪಕ್ಷಗಳಾಗಿರುತ್ತವೆ. ಆದುದರಿಂದ ಬಲ್ಲವನು ಪೆಟ್ಟನ್ನು ಮಾತ್ರ ಎಣಿಸುವುದಿಲ್ಲ, ಆವರ್ತನವನ್ನು ಎಣಿಸುತ್ತಾನೆ. ಪಲ್ಲವಿ ಮುಗಿಯುವ ಸಮದಲ್ಲಿ ಮುಂದಿನ ಹಾಡಿನ ಸಮವನ್ನು ತಂದಿರಿಸುತ್ತಾನೆ. ಒಂದರ ಮಂದ್ರದ ಗುಡುಗನ್ನು ಇಳಿಸಿಯೇ ಇನ್ನೊಂದರದನ್ನು ಏರಿಸುತ್ತಾನೆ. ಏಕೆಂದರೆ ಒಂದು ಒಲೆಯ ಮೇಲೆ ಎರಡು ಹಂಡೆ ಕೂಡುವುದಿಲ್ಲ.

ಹೀಗಿರುವಾಗ ಕೊನೆಯ ತೀರ್ಪು ಯಾರದು? ಮಾಸ್ತರರು ಕಟ್ಟೆಯ ಮೇಲೆ ಹೇಳಿದ ಉಪಾಯ ಬಹಳ ಸರಳವಾದುದು.

“ನಡದಿರೋ ಹಾಡಿನ ಸಾ ಬಾಯಾಗ ಗುನುಗು, ತಮ್ಮಾ. ಗುನುಗುಕೋತ ಕಿವ್ಯಾಗ ಮುಂದಿನ ಹಾಡು ಕೇಳು. ನಿನ್ನ ಸಾ ಅದರಾಗ ಸಾ ಆಗಿ ಕುಂತ್ರ ಛಲೋ. ಪಾ ಆಗಿ, ಇಲ್ಲ ಮಾ ಆಗಿ ಕುಂತ್ರೂ ನಡೀತೈತಿ. ಮುಳ್ಳು ಚುಚ್ಚಿದಂಗಾದ್ರ ಆ ಹಾಡು ಈಗ ಬ್ಯಾಡ, ಮುಂದ ನೋಡಿಕೊಳ್ಳು.”

“ಮಾಸ್ತರ, ಈ ಗದ್ದಲದಾಗ ನಾ ಗುನುಗಿದ್ದು ನನಗ ಕೇಳಬೇಕಲ್ರಿ?”

“ಅದ ಮಾತು,” ಎಂದರು ಮಾಸ್ತರರು. “ನಿನ್ನ ದನಿ ನಿನಗ ಕೇಳದಂಗ ಹಚ್ಚಿದ ಮ್ಯಾಲ ಯಾವ ಹಾಡು ಕೂಡಿದ್ರೇನು, ಬಿಟ್ರೇನು?”

ವಿಷಯದ ಮರ್ಮ ಇಲ್ಲಿದೆ. ಡಿ.ಜೆ.ಯ ಮೇಲೆ ಊರಿಗೆ ಇರುವ ಸಿಟ್ಟು ಅವನ ವಿದ್ಯೆಯ ಮೇಲಿನದಲ್ಲ, ಅವನ ಅಬ್ಬರದ ಮೇಲಿನದು. 2000ದ ಶಬ್ದಮಾಲಿನ್ಯ ನಿಯಮಗಳು ಜನವಸತಿಯಲ್ಲಿ ಹಗಲಿಗೆ 55 ಡೆಸಿಬೆಲ್, ರಾತ್ರಿಗೆ 45 ಡೆಸಿಬೆಲ್ ಎಂದು ಮೇರೆ ಹಾಕಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ನೆರೆಯವರ ನಿದ್ರೆಗಾಗಿ ಮಾಡಿದ ನಿಯಮಗಳಿವು. ಆದರೆ ಎಲ್ಲರಿಗಿಂತ ಹೆಚ್ಚಿನ ನಷ್ಟ ಡಿ.ಜೆ.ಯದೇ. ಕಿವಿಯ ವೈದ್ಯವಿಜ್ಞಾನವು 85 ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದೆನ್ನುತ್ತದೆ. ಅದರ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ಲಿಗೆ ಸಿಗುವುದು 15 ನಿಮಿಷ ಮಾತ್ರ. ಧ್ವನಿವರ್ಧಕಗಳ ಗೋಡೆಯ ಬೆನ್ನಿಗೆ ರಾತ್ರಿಯೆಲ್ಲ ನಿಲ್ಲುವ ತರುಣನು ತನ್ನ ಬಂಡವಾಳವನ್ನೇ ದಿನದಿನವೂ ಸುಡುತ್ತಿದ್ದಾನೆ. ಲ್ಯಾಪ್‌ಟಾಪ್ ಕೆಟ್ಟರೆ ಮತ್ತೊಂದು ಕೊಳ್ಳಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ.

ಪಾರಿಜಾತದ ಮೇಳಗಳು ವಿರಳವಾಗುತ್ತಿವೆ. ಅವುಗಳೊಡನೆ ಕರಿ ಒಂದು, ಬಿಳಿ ಎರಡುಗಳನ್ನು ಗಾಳಿಯಲ್ಲಿಯೇ ಗುರುತಿಸುವ ಕಿವಿಗಳೂ ವಿರಳವಾಗುತ್ತಿವೆ. ಅಂಥ ಕಿವಿಯೊಂದು ಕಟ್ಟೆಯ ಮೇಲೆ ಇನ್ನೂ ಕುಳಿತಿದೆ. ಅಂಥ ಕಿವಿಯನ್ನು ಬೇಡುವ ಕಸುಬೊಂದು ಹತ್ತು ಮಾರು ದೂರದಲ್ಲಿ ಟ್ರೇಲರಿನ ಮೇಲೆ ನಿಂತಿದೆ. ಇಬ್ಬರ ನಡುವೆ ಇರುವುದು ತಲೆಮಾರಿನ ಅಂತರವೆಂದು ಜನ ತಿಳಿದಿದ್ದಾರೆ. ನಿಜವಾಗಿ ಅವರ ನಡುವೆ ಇರುವುದು ಬರಿಯ ಸದ್ದು.

ಮೆರವಣಿಗೆ ಮತ್ತೆ ಹೊರಡುವ ಹೊತ್ತಾಯಿತು. ತರುಣನು ಟ್ರೇಲರನ್ನೇರಿ ಸದ್ದಿನ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ. ಕುಣಿಯುವ ಹುಡುಗರು ಒಮ್ಮೆ ಗೊಣಗಿದರು. ಅವನು ಕಣ್ಣು ಮುಚ್ಚಿ, ತುಟಿ ಅಲುಗದಂತೆ ಏನನ್ನೋ ಗುನುಗುತ್ತಿದ್ದ. ಒಂದು ಹಾಡು ಇಳಿಯಿತು, ಇನ್ನೊಂದು ಏರಿತು. ಯಾವುದು ಎಲ್ಲಿ ಮುಗಿಯಿತು, ಯಾವುದು ಎಲ್ಲಿ ತೊಡಗಿತು ಎಂಬುದು ಕುಣಿಯುವವರಿಗೆ ತಿಳಿಯಲೇ ಇಲ್ಲ. ಅವರ ಕಾಲು ತಪ್ಪಲಿಲ್ಲ.

ಕಟ್ಟೆಯ ಮೇಲೆ ಮಾಸ್ತರರ ಬಲಗೈಯ ಬೆರಳುಗಳು, ಎದುರಿಗೆ ಇಲ್ಲದ ಪೇಟಿಯ ಮನೆಗಳ ಮೇಲೆ, ಕರಿ ಒಂದರಿಂದ ಕರಿ ನಾಲ್ಕಕ್ಕೆ ಸರಿದವು.